ಕೊಡಗಿನ ಮಳೆಗೆ 6 ಹಸುವಿನ ಕೊಟ್ಟಿಗೆ ಹೇಗೆ ಕಟ್ಟಬೇಕು?

ನೀವು ಕೇಳಿದ್ದನ್ನು ಒಮ್ಮೆ ಹೇಳಿಬಿಡುತ್ತೇನೆ, ಓದುವ ಬೇರೆಯವರಿಗೂ ಗೊತ್ತಾಗಲಿ. ವಿರಾಜಪೇಟೆ ಕಡೆ 4 ಎಕರೆ ಕಾಫಿ ತೋಟ, 1 ಎಕರೆ ಗದ್ದೆ. ಈಗ 2 ಹಸು ಇವೆ, 6 ಮಾಡಬೇಕು ಅಂತಿದ್ದೀರಿ. ಮನೆ ಹಿಂದಿನ ಬರೆಯನ್ನು, ಅಂದರೆ ಕಡಿದಾದ ಮಣ್ಣಿನ ದಿಣ್ಣೆಯನ್ನು, ಜೆಸಿಬಿಯಲ್ಲಿ ಕಡಿಸಿ, ಸಮ ಮಾಡಿ, 20x20 ಅಡಿಗೆ ಶೀಟ್ ಹಾಕಿದರೆ ಸಾಕು ಅಂತ ಮೇಸ್ತ್ರಿ ಹೇಳಿದ್ದಾರೆ. ಅಷ್ಟು ಸಾಕಾ, ಶೀಟ್ ಒಳ್ಳೆಯದಾ ಹಂಚಾ, ನೆಲಕ್ಕೆ ಏನು ಹಾಕಬೇಕು ಅನ್ನುವುದು ಪ್ರಶ್ನೆ.

ದಯವಿಟ್ಟು ಮೊದಲು ಜೆಸಿಬಿಗೆ ಬೇಡ ಅಂತ ಹೇಳಿ. ಉಳಿದದ್ದು ಆಮೇಲೆ ನೋಡೋಣ.

ನಮ್ಮದು ಮಾದಾಪುರ ಕಡೆ. ನಮ್ಮ ಮೊದಲ ಕೊಟ್ಟಿಗೆಯೂ ಹೀಗೇ ಮನೆ ಹಿಂದೆ ಬರೆ ಕಡಿದ ಜಾಗದಲ್ಲೇ ಇತ್ತು. ನೀರಿನ ಪೈಪು ಹತ್ತಿರ, ಹಾಲು ಕರೆದು ಅಡುಗೆಮನೆಗೆ ಬರುವುದು ಸುಲಭ ಅಂತ ಅಲ್ಲಿ ಕಟ್ಟಿದ್ದೆವು. 2018ರ ಆಗಸ್ಟ್ ಮಳೆ ನಿಮಗೂ ನೆನಪಿರುತ್ತದೆ. ಆ ವಾರ ಒಂದು ಸಂಜೆ ಹಿಂದಿನ ಬರೆಯಿಂದ ಕೆಸರು ನೀರು ಒಸರಲು ಶುರುವಾಯಿತು. ಅಮ್ಮನಿಗೆ ಯಾಕೋ ಸರಿ ಕಾಣಲಿಲ್ಲ, ಹಸುಗಳ ಕಣ್ಣಿ ಬಿಚ್ಚಿ ಕಣದ ಶೆಡ್ಡಿಗೆ ತಂದು ಕಟ್ಟಿ ಅಂದರು. ಬೆಳಗ್ಗೆ ಎದ್ದು ನೋಡಿದರೆ ಕೊಟ್ಟಿಗೆಯ ಅರ್ಧ ಮಣ್ಣಿನ ಕೆಳಗೆ. ಆ ಮಳೆಗಾಲದಲ್ಲಿ ಎಷ್ಟೋ ಜನ ಮನೆ, ತೋಟ, ತಮ್ಮವರನ್ನೇ ಕಳೆದುಕೊಂಡರು, ನಮ್ಮದು ಅದರ ಮುಂದೆ ಏನೂ ಅಲ್ಲ. ಆದರೆ ಅವತ್ತಿನಿಂದ ಕಡಿದ ಬರೆಯ ಬುಡದಲ್ಲಿ ಪ್ರಾಣಿಯನ್ನು ಕಟ್ಟುವ ಮಾತು ಬಂದರೆ ನನಗೆ ಸುಮ್ನೆ ಇರಲು ಆಗುವುದಿಲ್ಲ.

ಹಾಗಾದರೆ ಎಲ್ಲಿ ಕಟ್ಟುವುದು? ಬೇಸಿಗೆಯಲ್ಲಿ ಜಾಗ ನೋಡಬೇಡಿ. ಇಡೀ ಜಾಗ ಒಣಗಿರುವಾಗ ಎಲ್ಲವೂ ಚೆನ್ನಾಗೇ ಕಾಣುತ್ತದೆ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಒಂದು ದಿನ ಛತ್ರಿ ಹಿಡಿದು ತೋಟ ಸುತ್ತಿ, ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಹೊಸದಾಗಿ ಒರತೆ ಏಳುತ್ತದೆ ಅಂತ ನೋಡಿ. ಈ ವರ್ಷ ಆ ಕಾಲ ಕಳೆದುಹೋಗಿದ್ದರೆ ಮನೆಯ ಹಿರಿಯರನ್ನೋ ತೋಟದಲ್ಲಿ ಹಳಬರಾದ ಕೆಲಸದವರನ್ನೋ ಕೇಳಿ, ಅವರಿಗೆ ಪ್ರತಿ ತಗ್ಗೂ ಗೊತ್ತಿರುತ್ತದೆ. ಮನೆಗಿಂತ ಸ್ವಲ್ಪ ಕೆಳಗೆ, ಬಾವಿಗಿಂತಲೂ ಕೆಳಗೆ, ಬಾವಿಯಿಂದ 50 ಅಡಿಗಾದರೂ ದೂರ, ಗದ್ದೆ ಬಯಲಿಗಿಂತ ಎತ್ತರ, ಅಂಥ ಜಾಗ ಹುಡುಕಿ. ಕಾಫಿ ಕಣದ ಪಕ್ಕ ಬೇಡ, ಒಣಗುವ ಕಾಫಿ ಸುತ್ತಲಿನ ವಾಸನೆ ಹೀರಿಕೊಳ್ಳುತ್ತದೆ. ದೊಡ್ಡ ಸಿಲ್ವರ್ ಓಕ್ ಮರಗಳ ಕೆಳಗೂ ಬೇಡ, ಗಾಳಿಗೆ ಮುರಿದು ಬೀಳುವುದರಲ್ಲಿ ಅವೇ ಮುಂದೆ.

ಇಳಿಜಾರು ಜಾಗ ಬಿಟ್ಟರೆ ಬೇರೆ ಇಲ್ಲ ಅನ್ನುತ್ತೀರಾ? ಇರಬಹುದು, ಕೊಡಗಿನಲ್ಲಿ ಎಲ್ಲರದ್ದೂ ಅದೇ ಕಥೆ. ಅದಕ್ಕೇ ನಿಮ್ಮ ಮೇಸ್ತ್ರಿಯ 20x20 ಚೌಕ ನನಗೆ ಸರಿ ಕಾಣುವುದಿಲ್ಲ. ಚೌಕ ಕಟ್ಟಡಕ್ಕೆ ಬರೆಯನ್ನು ಒಳಗೆ ಜಾಸ್ತಿ ಕಡಿಯಬೇಕು. ಉದ್ದಕ್ಕೆ, ಕಡಿಮೆ ಅಗಲದಲ್ಲಿ, ಇಳಿಜಾರಿಗೆ ಅಡ್ಡಲಾಗಿ ಕಟ್ಟಿದರೆ ಕಡಿಯುವ ಮಣ್ಣು ತುಂಬಾ ಕಡಿಮೆ. 6 ಹಸುವಿಗೆ ಒಂದೇ ಸಾಲು ಸಾಕು. ಎರಡು ಸಾಲಿನ ಕೊಟ್ಟಿಗೆ 10-12 ಹಸು ದಾಟಿದ ಮೇಲೆ ಯೋಚನೆ ಮಾಡುವ ವಿಷಯ.

ಲೆಕ್ಕ ಹೀಗೆ ಬರುತ್ತದೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಹಸುವಿಗೆ ನಿಲ್ಲಲು, ಮಲಗಲು 4 ಅಡಿ ಅಗಲ, 5.5 ಅಡಿ ಉದ್ದ ಬೇಕು. ಜರ್ಸಿಗೆ 3.5 ಅಡಿ ಅಗಲ ನಡೆಯುತ್ತದೆ, ಆದರೆ ಮುಂದೆ ಯಾವ ಹಸು ಬರುತ್ತದೋ ಗೊತ್ತಿಲ್ಲವಲ್ಲ, 4 ಅಡಿಯೇ ಇಡಿ. ಹಸುವಿನ ಮುಂದೆ 2 ಅಡಿಯ ಗೋದಲಿ, ಅದರ ಮುಂದೆ ಹುಲ್ಲು ಹಾಕಲು ನಾವು ಓಡಾಡುವ ದಾರಿ 4 ಅಡಿ. ಹಿಂದೆ 1 ಅಡಿಯ ಚರಂಡಿ, ಅದರ ಆಚೆ ಹಾಲು ಕರೆಯುವವರಿಗೆ, ಸಗಣಿ ಗಾಡಿಗೆ ಇನ್ನೊಂದು 4 ಅಡಿ. ಎಲ್ಲ ಕೂಡಿಸಿದರೆ ಅಗಲ 16.5 ಅಡಿ, 17 ಅಂತ ಇಟ್ಟುಕೊಳ್ಳಿ. ಉದ್ದ 6 ಹಸುವಿಗೆ 24 ಅಡಿ, ಒಂದು ತುದಿಗೆ ಕರುಗಳಿಗೆ 8 ಅಡಿ, ಇನ್ನೊಂದು ತುದಿಗೆ ಕರು ಹಾಕುವ ಹಸುವಿಗೆ 10 ಅಡಿ. ಒಟ್ಟು 42. ಅಂದರೆ 17x42. 20x20ಕ್ಕಿಂತ ದೊಡ್ಡದು ಹೌದು, ಆದರೆ ಆ ಚೌಕದಲ್ಲಿ 6 ಹಸು ನಿಲ್ಲಿಸಿದ ಮೇಲೆ ಕರುವಿಗೆ ಜಾಗ ಎಲ್ಲಿ ಉಳಿಯುತ್ತದೆ ಹೇಳಿ?

ಕರು ಹಾಕುವ ಕೋಣೆ ಬೇಡ, ಖರ್ಚು ಜಾಸ್ತಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಮ್ಮ ಹಳೇ ಕೊಟ್ಟಿಗೆಯಲ್ಲಿ ಅದು ಇರಲಿಲ್ಲ. ಜುಲೈ ತಿಂಗಳ ಒಂದು ರಾತ್ರಿ ಗೌರಿ ಕಟ್ಟಿದ ಜಾಗದಲ್ಲೇ ಕರು ಹಾಕಿದಳು, ಕರು ಜಾರಿ ಹಿಂದಿನ ಚರಂಡಿಗೆ ಬಿತ್ತು, ತಾಯಿಗೆ ಕಣ್ಣಿ ಇದ್ದದ್ದರಿಂದ ತಿರುಗಿ ನೆಕ್ಕಲು ಆಗಲಿಲ್ಲ. ನಾವು ಹೋಗುವಾಗ ಕರು ತಣ್ಣಗಾಗಿತ್ತು. ಗೋಣಿಚೀಲದಲ್ಲಿ ಉಜ್ಜಿ, ಒಲೆ ಮುಂದೆ ಇಟ್ಟುಕೊಂಡು ಎಷ್ಟು ಪಾಡು ಪಟ್ಟರೂ ಉಳಿಯಲಿಲ್ಲ. 10x12 ಅಡಿಯ ಒಂದು ಕೋಣೆ, ಕೆಳಗೆ ದಪ್ಪ ಒಣಹುಲ್ಲು, ಹಸುವನ್ನು ಕಟ್ಟದೆ ಬಿಟ್ಟಿದ್ದರೆ ಅದು ಬದುಕುತ್ತಿತ್ತು. ಉಳಿದ ದಿನಗಳಲ್ಲಿ ಆ ಕೋಣೆ ಸುಮ್ನೆ ಬಿದ್ದಿರುವುದಿಲ್ಲ. ಕಾಯಿಲೆ ಬಂದ ಹಸುವನ್ನು ಬೇರೆ ಇಡಲು ಅದೇ ಬೇಕು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಒಂದೇ ಸಾಲಿನಲ್ಲಿ ಎಲ್ಲ ಹಸು ಕಟ್ಟಿದ್ದವರಿಗೆ ಕಾಯಿಲೆಯದ್ದನ್ನು ಎಲ್ಲಿಗೆ ಕೊಂಡೊಯ್ಯಬೇಕು ಅಂತಲೇ ಗೊತ್ತಾಗಲಿಲ್ಲ.

ದಿಕ್ಕಿನ ವಿಷಯಕ್ಕೆ ಬಂದರೆ, ಬಿಸಿಲು ನಾಡಿನಲ್ಲಿ ಕೊಟ್ಟಿಗೆಯ ಉದ್ದ ಪೂರ್ವ-ಪಶ್ಚಿಮಕ್ಕೆ ಇರಲಿ ಅನ್ನುತ್ತಾರೆ, ಒಳಗೆ ಬಿಸಿಲು ಬೀಳಬಾರದು ಅಂತ. ನಮಗೆ ಬೇಕಾಗಿರುವುದು ಬಿಸಿಲು ಬೀಳುವುದೇ. ಹಾಗಾಗಿ ಉದ್ದ ಉತ್ತರ-ದಕ್ಷಿಣಕ್ಕೆ ಇಡಿ. ಮಳೆ-ಗಾಳಿ ಬರುವುದು ಪಶ್ಚಿಮ, ನೈಋತ್ಯದಿಂದ, ಅದಕ್ಕೆ ಪಶ್ಚಿಮದ ಕಡೆ 6 ಅಡಿ ಗೋಡೆ, ದಕ್ಷಿಣದ ತುದಿಯೂ ಮುಚ್ಚಿರಲಿ. ಹುಲ್ಲು ಹಾಕುವ ದಾರಿ ಪಶ್ಚಿಮಕ್ಕೆ ಬರಲಿ, ಎರಚಲು ಸ್ವಲ್ಪ ಒಳಗೆ ಬಂದರೂ ದಾರಿಗೆ ಬೀಳುತ್ತದೆ, ಹಸುವಿಗೆ ತಟ್ಟುವುದಿಲ್ಲ. ಚರಂಡಿ ಪೂರ್ವಕ್ಕೆ ಬರಲಿ, ಬೆಳಗ್ಗೆ ತೊಳೆದ ಕೂಡಲೇ ಬಿಸಿಲು ಅದರ ಮೇಲೆ ಬೀಳುತ್ತದೆ. ನಿಮ್ಮ ಇಳಿಜಾರಿಗೆ ಈ ದಿಕ್ಕು ಹೊಂದದಿದ್ದರೆ ದಿಕ್ಕು ಬಿಡಿ, ಇಳಿಜಾರಿನ ಮಾತು ಕೇಳಿ. ಎರಚಲನ್ನು ಗೋಡೆ ಎತ್ತರಿಸಿ ತಡೆಯಬಹುದು, ಬರೆಯನ್ನು ತಡೆಯಲು ನಮ್ಮ ಕೈಲಿ ಆಗುವುದಿಲ್ಲ.

ಈಗ ಮಾಡು, ಅಂದರೆ ಛಾವಣಿ. ನನ್ನ ಆಯ್ಕೆ ಮಂಗಳೂರು ಹಂಚು. ಹಳೇ ಕಾಲದವರ ಹಾಗೆ ಮರದ ತೊಲೆ, ಪಕಾಸು ಹಾಕಿಸಲು ಈಗ ಯಾರಿಂದ ಆಗುತ್ತದೆ, ಜಿಐ ಪೈಪಿನ ಕಟ್ಟು ಹಾಕಿಸಿ ಮೇಲೆ ಹಂಚು ಹೊದಿಸಿದ್ದೇವೆ. ಹಂಚಿನ ಸಂದುಗಳಲ್ಲಿ ಗಾಳಿ ಆಡುತ್ತದೆ, ಒಳಗಿನ ಹಬೆ ಹೊರಗೆ ಹೋಗುತ್ತದೆ. ಶೀಟಿನಲ್ಲಿ ಹಸುವಿನ ಉಸಿರಿನ ಹಬೆಯೇ ರಾತ್ರಿ ತಣ್ಣಗಾಗಿ ಒಳಗಡೆ ಹನಿ ಹನಿಯಾಗಿ ಬೆನ್ನ ಮೇಲೆ ಬೀಳುತ್ತದೆ, ಮಾರ್ಚ್-ಏಪ್ರಿಲ್‌ನಲ್ಲಿ ಕಾವಲಿಯ ಹಾಗೆ ಕಾಯುತ್ತದೆ. ಹಂಚಿಗೆ ಕೋತಿ ಕಾಟ ಇದೆ, ವರ್ಷಕ್ಕೊಮ್ಮೆ ಒಡೆದದ್ದು ಬದಲಿಸಬೇಕು, ಅದು ನಿಜ. ದುಡ್ಡು ಸಾಲದಿದ್ದರೆ ಶೀಟೇ ಹಾಕಿ, ತಪ್ಪಿಲ್ಲ, ಆದರೆ ಪಕ್ಕದ ಎತ್ತರ 10 ಅಡಿಗೆ ಕಡಿಮೆ ಮಾಡಬೇಡಿ, ನೆತ್ತಿಯಲ್ಲಿ ಹಬೆ ಹೋಗಲು ಅರ್ಧ ಅಡಿ ಸಂದು ಬಿಟ್ಟು ಅದರ ಮೇಲೆ ಇನ್ನೊಂದು ಟೋಪಿ ಶೀಟ್ ಕೂರಿಸಿ. ಹಂಚಾದರೆ 4-5 ಗಾಜಿನ ಹಂಚು ಸೇರಿಸಿ, ಮಳೆಗಾಲದ ಹಗಲಲ್ಲೂ ಕೊಟ್ಟಿಗೆಯೊಳಗೆ ಕತ್ತಲೆ ಇರುತ್ತದೆ.

ಸೂರು 4 ಅಡಿ ಹೊರಗೆ ಬರಲಿ. ಮೇಸ್ತ್ರಿಗಳು ಒಂದೂವರೆ ಅಡಿಗೆ ನಿಲ್ಲಿಸಿಬಿಡುತ್ತಾರೆ. ಹಂಚಿನ ಇಳಿಜಾರು 30 ಡಿಗ್ರಿ ಹತ್ತಿರ ಇರುವುದರಿಂದ ಗೋಡೆಯ ನೇರಕ್ಕೆ ಮಾಡನ್ನು ನೆಲದಿಂದ 9 ಅಡಿ ಎತ್ತರಕ್ಕೆ ಇಟ್ಟರೆ ಸೂರಿನ ತುದಿ ಆರೂಮುಕ್ಕಾಲು ಅಡಿಗೆ ಇಳಿಯುತ್ತದೆ, ತಲೆ ತಾಗುವುದಿಲ್ಲ, ಎರಚಲೂ ಬರುವುದಿಲ್ಲ.

ಈಗ ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವ ವಿಷಯ. ಕೊಡಗಿನಲ್ಲಿ ಕೊಟ್ಟಿಗೆ ಪ್ಲಾನ್ ಅಂದರೆ ನೀರಿನ ಪ್ಲಾನ್. 17x42 ಕೊಟ್ಟಿಗೆಗೆ ಸೂರು ಸೇರಿಸಿದರೆ ಮಾಡು ಸುಮಾರು 1200 ಚದರ ಅಡಿಯ ನೆಲವನ್ನು ಮುಚ್ಚುತ್ತದೆ. ಒಂದು ಇಂಚು ಮಳೆಗೆ ಅದರಿಂದ 2800 ಲೀಟರ್ ನೀರು ಇಳಿಯುತ್ತದೆ. ನೀವು ತೋಟದವರು, ಮಳೆಯನ್ನು ಇಂಚು-ಸೆಂಟಿನಲ್ಲಿ ಬರೆದಿಡುವವರು, ಒಂದೇ ದಿನ 5 ಇಂಚು ಬಿದ್ದದ್ದು ನಿಮ್ಮ ಪುಸ್ತಕದಲ್ಲೂ ಇರುತ್ತದೆ. ಆ ದಿನ 14 ಸಾವಿರ ಲೀಟರ್. ಅದು ಸಗಣಿ ಗುಂಡಿಗೆ ಹೋಗಿ ಸೇರಿತು ಅಂದರೆ ಏನಾಗುತ್ತದೆ? ಗುಂಡಿ ತುಂಬಿ ಹರಿದು ಗೊಬ್ಬರವೆಲ್ಲ ತೋಡಿಗೆ, ತೋಡಿನಿಂದ ಹೊಳೆಗೆ. ವರ್ಷವಿಡೀ ಹಸು ಸಾಕಿ ಮಾಡಿದ ಗೊಬ್ಬರ ಎರಡು ದಿನದಲ್ಲಿ ಹೋಗುತ್ತದೆ, ಕೆಳಗಿನವರ ನೀರೂ ಕೆಡುತ್ತದೆ. ಹಾಗಾಗಿ ಮಾಡಿನ ನೀರಿಗೆ ಸೂರಿನ ತುದಿಗೆ ನೀರು ಹಿಡಿಯುವ ದೋಣಿ ಹಾಕಿಸಿ ಬೇರೆ ಪೈಪು, ಬೇರೆ ಚರಂಡಿ. ಬರೆ ಕಡೆಯಿಂದ ಬರುವ ನೀರು ಕೊಟ್ಟಿಗೆಯನ್ನು ಮುಟ್ಟುವ ಮೊದಲೇ ತಿರುಗಿ ಹೋಗುವ ಹಾಗೆ ಮೇಲ್ಗಡೆ ಇನ್ನೊಂದು ಚರಂಡಿ. ಗಂಜಲ, ತೊಳೆದ ನೀರು ಮಾತ್ರ ಗುಂಡಿಗೆ. ಈ ಮೂರು ನೀರು ಎಲ್ಲೂ ಒಂದಕ್ಕೊಂದು ಸೇರಬಾರದು. ಗುಂಡಿಯ ಮೇಲೂ ಮಾಡು ಇರಲಿ, ನಾಲ್ಕು ಶೀಟ್ ಆದರೂ ಸರಿ. ಮೇಸ್ತ್ರಿ ಬರುವ ಮೊದಲು ಒಂದು ಹಾಳೆಯಲ್ಲಿ ಈ ಮೂರು ಗೆರೆ ಎಳೆಯಿರಿ, ಗೋಡೆ ಆಮೇಲೆ.

ನೆಲ. ನಮ್ಮ ಅಜ್ಜಿಯ ಕಾಲದಲ್ಲಿ ಮಣ್ಣಿನ ನೆಲ, ಅದರ ಮೇಲೆ ದಿನಾ ಕಾಡುಸೊಪ್ಪು, ತರಗೆಲೆ ಹಾಸುವುದು, ಬೇಸಿಗೆಯಲ್ಲಿ ಒಟ್ಟಿಗೆ ತೆಗೆದು ಗದ್ದೆಗೆ ಹೊರುವುದು. ಚೊಕ್ಕ ಪದ್ಧತಿ ಅದು, ಮಲೆನಾಡು ಗಿಡ್ಡದಂಥ ಸಣ್ಣ ದನಗಳಿಗೆ ಬಿಸಿಬಿಸಿ ಹಾಸಿಗೆ. ನೀವು 2 ಗಿಡ್ಡ ಮಾತ್ರ ಸಾಕುವವರಾದರೆ ಈಗಲೂ ಅದನ್ನೇ ಮಾಡಿ ಅನ್ನುತ್ತಿದ್ದೆ. 400 ಕೆಜಿ ತೂಗುವ, ದಿನಕ್ಕೆ 15-20 ಕೆಜಿ ಸಗಣಿ ಹಾಕುವ ಮಿಶ್ರತಳಿಗೆ ಆಗುವುದಿಲ್ಲ, ದಿನಾ ಸೊಪ್ಪು ತರಲು ಜನ ಇಲ್ಲ, ಕೆಚ್ಚಲು ಒದ್ದೆಯಲ್ಲೇ ಇದ್ದರೆ ಕೆಚ್ಚಲು ಬಾವು ಬಿಡುವುದಿಲ್ಲ. ಹಾಗಾಗಿ ಕಾಂಕ್ರೀಟ್. ಹೊರಗಿನ ನೆಲಕ್ಕಿಂತ ಒಂದೂವರೆ ಅಡಿ ಎತ್ತರ. ಆದರೆ ನುಣುಪು ಬೇಡವೇ ಬೇಡ. ಚೆನ್ನಾಗಿ ಕಾಣಲಿ ಅಂತ ನಾವು ಹೊಳೆಯುವ ಹಾಗೆ ನುಣುಪು ಮಾಡಿಸಿದ್ದೆವು, ಮೊದಲ ಮಳೆಗಾಲದಲ್ಲೇ ಒಂದು ಗಬ್ಬದ ಹಸು ಹಿಂಗಾಲು ಅಗಲವಾಗಿ ಜಾರಿ ಬಿತ್ತು, ಮತ್ತೆ ಏಳಲಿಲ್ಲ. ಸಿಮೆಂಟ್ ಹಸಿ ಇರುವಾಗ ಕಡ್ಡಿಪೊರಕೆ ಎಳೆಸಿ, 4 ಇಂಚಿಗೊಂದು ಗೆರೆ ಹೊಡೆಸಿ. ಗೆರೆಗಳು ಚರಂಡಿ ಕಡೆಗೆ ಇರಲಿ, ನೀರು ಅದರಲ್ಲೇ ಹರಿಯುತ್ತದೆ.

ಗೋದಲಿಯಿಂದ ಚರಂಡಿಗೆ ಆ 5.5 ಅಡಿಯಲ್ಲಿ ಒಂದೂವರೆ ಇಂಚು ಇಳಿಜಾರು ಸಾಕು. ಜಾಸ್ತಿ ಮಾಡಿದರೆ ಹಸುವಿಗೆ ಹಿಂಗಾಲಿನ ಮೇಲೆ ಭಾರ ಬೀಳುತ್ತದೆ, ಗಬ್ಬದ ಹಸುಗಳಿಗೆ ಅದು ಒಳ್ಳೆಯದಲ್ಲ. ಚರಂಡಿ 3 ಇಂಚು ಆಳ, ಮೂಲೆ ಇಲ್ಲದ ಹಾಗೆ ದುಂಡಗೆ, ಸಲಿಕೆ ಸಲೀಸಾಗಿ ಎಳೆಯುವಂತೆ. ಉದ್ದಕ್ಕೆ 10 ಅಡಿಗೆ ಒಂದೂವರೆ ಇಂಚಿನಂತೆ ಇಳಿಸಿ. ಕಣ್ಣಂದಾಜಿಗೆ ಬಿಡಬೇಡಿ, ಟ್ಯೂಬಿನಲ್ಲಿ ನೀರು ತುಂಬಿ ಮಟ್ಟ ಹಿಡಿಯಲು ಹೇಳಿ, ನೀವೇ ಪಕ್ಕ ನಿಂತು ನೋಡಿ. ಸಿಮೆಂಟ್ ಗಟ್ಟಿಯಾಗುವ ಮೊದಲು ಒಂದು ಚೊಂಬು ನೀರು ನಿಧಾನಕ್ಕೆ ಬಿಟ್ಟು ಎಲ್ಲಿ ನಿಲ್ಲುತ್ತದೆ ಅಂತ ನೋಡಿದರೆ ಅಲ್ಲೇ ಸರಿ ಮಾಡಿಸಬಹುದು. ರಬ್ಬರ್ ಮ್ಯಾಟ್ ಹಾಕಿದರೆ ಮೊಣಕಾಲಿಗೆ ಒಳ್ಳೆಯದು, ಆದರೆ ವಾರಕ್ಕೊಮ್ಮೆ ಎತ್ತಿ ಅಡಿಯನ್ನು ತೊಳೆಯಬೇಕು, ಗಂಜಲ ಅಲ್ಲೇ ಸೇರಿರುತ್ತದೆ.

ಗೋದಲಿಯ ತಳ ಹಸು ನಿಲ್ಲುವ ನೆಲಕ್ಕಿಂತ 4-6 ಇಂಚು ಮೇಲಿರಲಿ, ಹಸುವಿನ ಕಡೆಯ ಅಂಚು ಒಂದೂವರೆ ಅಡಿ ದಾಟದಿರಲಿ. ನೀರಿನ ತೊಟ್ಟಿ ಎರಡು ಹಸುವಿನ ನಡುವೆ ಒಂದು, ಫ್ಲೋಟ್ ವಾಲ್ವ್ ಹಾಕಿ. ಹಾಲು ಕೊಡುವ ಹಸು ದಿನಕ್ಕೆ 60-70 ಲೀಟರ್ ಕುಡಿಯುತ್ತದೆ, ಹೊತ್ತು ಹಾಕಲು ಆಗುವ ಮಾತಲ್ಲ.

ಗೋಡೆಗೆ ಒಳಗಡೆ ಗಿಲಾವು ಮಾಡಿಸಲೇಬೇಕು. ಕಲ್ಲಿನ ಸಂದು, ಬಿರುಕುಗಳಲ್ಲೇ ಉಣ್ಣೆ ಮೊಟ್ಟೆ ಇಡುವುದು, ಆಮೇಲೆ ಹಸುವಿಗೆ ಎಷ್ಟು ಔಷಧಿ ಹಾಕಿದರೂ ಮುಗಿಯುವುದಿಲ್ಲ, ಥೈಲೇರಿಯಾ ಜ್ವರ ಬರುವುದು ಅದರಿಂದಲೇ, ಮಿಶ್ರತಳಿ ತಡೆಯುವುದಿಲ್ಲ. ವರ್ಷಕ್ಕೆ ಎರಡು ಸಲ ಸುಣ್ಣ ಬಳಿಯಿರಿ.

ಪೂರ್ವದ ಕಡೆ ಪೂರ್ತಿ ಗೋಡೆ ಬೇಡ, ಆದರೆ ನೀವು ಇರುವ ಕಡೆ ಹುಲಿ ಓಡಾಟ ಇದೆ ಅಲ್ವಾ? ಪೊನ್ನಂಪೇಟೆ, ಶ್ರೀಮಂಗಲ ಕಡೆಯವರು ಕೊಟ್ಟಿಗೆಯಿಂದಲೇ ಹಸು ಕಳೆದುಕೊಂಡಿದ್ದಾರೆ. 4 ಅಡಿ ಗೋಡೆ, ಅದರ ಮೇಲೆ ಮಾಡಿನವರೆಗೂ ಗಟ್ಟಿ ಕಬ್ಬಿಣದ ಜಾಲರಿ, ಗಟ್ಟಿ ಅಗುಳಿ ಇರುವ ಬಾಗಿಲು. ಕರುಗಳ ಕೋಣೆಗೆ ಇದು ಇನ್ನೂ ಮುಖ್ಯ, ಅವಕ್ಕೆ ಚಿರತೆ ಭಯವೂ ಇದೆ. ಹಾಗಂತ ಮಳೆಗಾಲದಲ್ಲಿ ಚಳಿ ಅಂತ ಜಾಲರಿಗೆ ಸುತ್ತಲೂ ಟಾರ್ಪಾಲ್ ಕಟ್ಟಿ ಮುಚ್ಚಬೇಡಿ. ಎಲ್ಲರೂ ಪ್ರೀತಿಯಿಂದಲೇ ಮಾಡುವುದು, ಆದರೆ ಬೆಳಗ್ಗೆ ಬಾಗಿಲು ತೆಗೆದಾಗ ಗಂಜಲದ ವಾಸನೆಗೆ ನಮ್ಮ ಕಣ್ಣೇ ಉರಿಯುತ್ತದೆ, ರಾತ್ರಿಯೆಲ್ಲ ಅದನ್ನೇ ಕುಡಿದ ಕರುವಿಗೆ ಕೆಮ್ಮು ಬರದೆ ಇರುತ್ತದಾ? ದೊಡ್ಡ ಹಸುವಿಗೆ ನಮ್ಮ ಕೊಡಗಿನ ಚಳಿ ಏನೂ ಅಲ್ಲ, ಒದ್ದೆ ಆಗಬಾರದು ಅಷ್ಟೇ. ಕರುಗಳಿಗೆ ಮಾತ್ರ ನೆಲದಿಂದ ಅರ್ಧ ಅಡಿ ಮೇಲೆ ಮರದ ಪಟ್ಟಿಯ ಹಲಗೆ ಹಾಕಿ, ಗಾಳಿ ನೇರ ಬಡಿಯದ ಹಾಗೆ ಒಂದು ಬದಿ ಮುಚ್ಚಿ.

ಹುಲ್ಲಿಗೆ ಅಟ್ಟ ಮಾಡಿಸಿ. ಪುತ್ತರಿ (ನಮ್ಮ ಭತ್ತದ ಸುಗ್ಗಿ ಹಬ್ಬ) ಆದ ಮೇಲೆ ಬರುವ ಒಣಹುಲ್ಲು ಮುಂದಿನ ಸೆಪ್ಟೆಂಬರ್ ದಾಟಬೇಕು, ಹೊರಗಿನ ಬಣವೆಯಲ್ಲಿ ಬೂಸ್ಟು ಹಿಡಿಯುತ್ತದೆ. ಬೂಸ್ಟು ಹಿಡಿದದ್ದನ್ನು ಗಬ್ಬದ ಹಸುವಿಗೆ ಹಾಕಲೇಬೇಡಿ.

6 ಹಸು ಅಂದರೆ ದಿನಕ್ಕೆ 100 ಕೆಜಿ ಹತ್ತಿರ ಸಗಣಿ. 2 ಘನ ಮೀಟರ್ ಗೋಬರ್ ಗ್ಯಾಸಿಗೆ 50 ಕೆಜಿ ಸಾಕು, 5-6 ಜನರ ಅಡುಗೆ ಅದರಲ್ಲಿ ಆಗುತ್ತದೆ. ಈಗಲೇ ಕಟ್ಟದಿದ್ದರೂ ಕೊಟ್ಟಿಗೆಗಿಂತ ತಗ್ಗಿನಲ್ಲಿ, ಬಿಸಿಲು ಬೀಳುವ ಕಡೆ ಜಾಗ ಬಿಟ್ಟಿಡಿ. ಮಳೆಗಾಲದ ತಂಪಿಗೆ ಗ್ಯಾಸ್ ಕಡಿಮೆಯಾಗುತ್ತದೆ, ನೆರಳಲ್ಲಿ ಇದ್ದರೆ ಇನ್ನೂ ಕಡಿಮೆ. ಅದರಿಂದ ಹೊರಬರುವ ಸ್ಲರಿ ತನ್ನಷ್ಟಕ್ಕೆ ಕೆಳಗಿನ ತೋಟಕ್ಕೆ ಹರಿದರೆ ಹೊರುವ ಕೆಲಸವೇ ಇಲ್ಲ.

ಸಹಾಯಧನದ ಬಗ್ಗೆ ಪಂಚಾಯಿತಿಯಲ್ಲಿ ಮೊದಲೇ ವಿಚಾರಿಸಿ, ಆದೇಶ ಕೈಗೆ ಬರುವ ಮೊದಲು ಗುದ್ದಲಿ ಹಾಕಬೇಡಿ. ಉದ್ಯೋಗ ಖಾತ್ರಿಯಲ್ಲಿ ಕೊಟ್ಟಿಗೆ ಕಟ್ಟಿದವರಿಗೆ ಕೆಲಸದ ಮೊದಲು, ನಡುವೆ, ಮುಗಿದ ಮೇಲೆ ಮೂರು ಸಲ ಫೋಟೋ ತೆಗೆಯುತ್ತಿದ್ದರು. ಮೊದಲ ಫೋಟೋ ಇಲ್ಲದೆ ಬಿಲ್ ಆಗುತ್ತಿರಲಿಲ್ಲ.

ಕೆಲಸ ಯಾವಾಗ ಶುರು ಮಾಡುವುದು ಅಂದರೆ, ನಿಮ್ಮದು ರೊಬಸ್ಟಾ ಆಗಿದ್ದರೆ ಕುಯ್ಲು ಮುಗಿಯುವವರೆಗೂ ಆಳು ಸಿಗುವುದಿಲ್ಲ, ಸಿಕ್ಕರೂ ನಿಮ್ಮ ಮನಸ್ಸು ಕಾಫಿ ಮೇಲೇ ಇರುತ್ತದೆ. ಜನವರಿಯಲ್ಲೇ ಕಲ್ಲು, ಮರಳು ತರಿಸಿಟ್ಟು, ಮಾರ್ಚ್ ಮೊದಲ ವಾರ ಪಾಯ ತೆಗೆಸಿ. ಮೊದಲು ಮಾಡು ನಿಲ್ಲಿಸಿ, ನೆಲ ಆಮೇಲೆ. ಏಪ್ರಿಲ್‌ನಲ್ಲಿ ಮಳೆ ಬಂದರೂ ನೆಲದ ಕೆಲಸ ಒಳಗೆ ನಡೆಯುತ್ತದೆ. ಕಾಂಕ್ರೀಟಿಗೆ ಎರಡು ವಾರವಾದರೂ ನೀರು ಹಾಕಿ, ಆಮೇಲೂ ಒಂದು ವಾರ ಬಿಟ್ಟು ಹಸು ಕಟ್ಟಿ.

ಬರೆ ಎಷ್ಟು ಎತ್ತರ ಇದೆ, ಬಾವಿ ಯಾವ ದಿಕ್ಕಿಗೆ, ಮನೆಯಿಂದ ಗದ್ದೆವರೆಗೆ ಎಷ್ಟು ಇಳಿಜಾರು ಅಂತ ಬರೆಯಿರಿ. ಅದನ್ನು ನೋಡಿ ಕೊಟ್ಟಿಗೆ ಯಾವ ಕಡೆ ಮುಖ ಮಾಡಬೇಕು, ಗುಂಡಿ ಎಲ್ಲಿ ಬರಬೇಕು ಅಂತ ಅಳತೆ ಸಮೇತ ಹೇಳುತ್ತೇನೆ.